ಕನ್ನಡಿಗೆ ಬಳಿದ ವಿಭೂತಿ

ನಂಜನಗೂಡಿನಲ್ಲಿ ನನ್ನದೊಂದು ಲೇತ್ ಶಾಪು. ನನ್ನಣ್ಣ ತಿ. ನರಸೀಪುರದ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಅವನ ಕಣ್ಣಿನ ನರ ಸಾಯತೊಡಗಿತು. ಹೋದ ದೃಷ್ಟಿ ಬರುವುದಿಲ್ಲ, ಇರುವುದೂ ಹೋಗುತ್ತದೆ ಎಂದರು ಡಾಕ್ಟರು. ಆಗಲೇ ಈ ಪುಣ್ಯಾತ್ಮನಿಗೆ ಹುಚ್ಚು ಹಿಡಿದದ್ದು: ಸ್ಕೂಲಿಗೊಂದು ದೂರದರ್ಶಕ ಕಟ್ಟಬೇಕು, ಪೂರ್ತಿ ಕತ್ತಲಾಗುವ ಮುಂಚೆ ತಾನು ಅದರಲ್ಲಿ ಶನಿಯ ಉಂಗುರ ನೋಡಬೇಕು.

ಕೊಳವೆ, ಸ್ಟ್ಯಾಂಡು ನನ್ನ ಪಾಲಿಗೆ. ಒಳಗೆ ಕೂರಿಸುವ ಗುಳಿ ಕನ್ನಡಿ ಅವನದು. ಭಾನುವಾರ ಬಸ್ಸಿಳಿದು ಬಂದು, ಶಾಪಿನ ಮೂಲೆಯಲ್ಲಿ ಒಂದು ಗಾಜಿನ ಬಿಲ್ಲೆಯ ಮೇಲೆ ಇನ್ನೊಂದನ್ನಿಟ್ಟು, ನಡುವೆ ಎಮರಿ ಪುಡಿ, ನೀರು ಹಾಕಿ ಉಜ್ಜುತ್ತಿದ್ದ. ಮಳೆಗಾಲವೆಲ್ಲ ಉಜ್ಜಿದ. ಗಾಜಿನ ತಗ್ಗು ಸರಿಬಂತಾ ಅಂತ ನನ್ನನ್ನು ಕೇಳುವನು. "ನಿಂಗ್ಯಾಕಣ್ಣ ಈ ಉಸಾಬರಿ?" ಅಂತ ಬಯ್ದುಕೊಂಡೇ ನೋಡಿ ಹೇಳುತ್ತಿದ್ದೆ. ಕೊನೆಗೆ ಬೆಂಗಳೂರಿಗೆ ಕಳಿಸಿ, ಹೊಳೆಯುವ ಅಲ್ಯುಮಿನಿಯಂ ಲೇಪ ಹಾಕಿಸಿ ತರಿಸಿಕೊಂಡೆವು.

ಆಯುಧಪೂಜೆ ಬಂತು. ಅಣ್ಣನ ಜೊತೆ ಬಂದಿದ್ದ ಅತ್ತಿಗೆ ಲೇತಿಗೆ, ಡ್ರಿಲ್ಲಿಗೆಲ್ಲ ವಿಭೂತಿ ಹಚ್ಚಿದರು. ನಾವು ಹೂವು ತರಲು ಹೋದಾಗ ಕನ್ನಡಿಯ ಡಬ್ಬಿ ತೆಗೆದು, ಅದಕ್ಕೂ ಒದ್ದೆ ಬೆರಳಲ್ಲಿ ಮೂರು ಪಟ್ಟೆ ಎಳೆದಿದ್ದಾರೆ. ಹೊಳಪು ಮಸುಕಾದದ್ದು ಕಂಡು ಗಾಬರಿಯಾಗಿ ಸೆರಗಿನಲ್ಲಿ ಒರೆಸಿದ್ದಾರೆ. ಬೂದಿಯ ಹರಳು ಲೇಪವನ್ನೆಲ್ಲ ಗೀರಿಹಾಕಿತ್ತು.

ನನ್ನ ಮೈ ಉರಿದುಹೋಯಿತು. "ಅಯ್ಯೋ ಅತ್ತಿಗೆ, ಏನ್ ಮಾಡ್ಬುಟ್ರಿ! ನಿಮ್ಗೇನು ಬುದ್ಧಿ ಗಿದ್ಧಿ ಐತಾ?" ಅಂತ ಕೂಗಾಡಿದೆ.

"ಸುಲ್ತಾನ್ರ ಆನೆ ಕಣ್ಣನ್ನೇ ವಾಸಿ ಮಾಡ್ದ ದ್ಯಾವ್ರು ಕಣಪ್ಪಾ ನಮ್ ನಂಜುಂಡಪ್ಪ. ಇವ್ರು ಕಣ್ಣಿಡೋ ವಸ್ತು ಅಲ್ವಾ ಅಂತ ಹಚ್ದೆ," ಅಂದು ಅತ್ತುಬಿಟ್ಟರು.

"ಬುಡ್ಲಾ, ಬಯ್ಬ್ಯಾಡ. ಇನ್ನೊಂದ್ಸಲ ಲೇಪ ಆಕುಸ್ದ್ರಾಯ್ತು," ಅಂದ ಅಣ್ಣ. ಅವನ ದನಿಯಲ್ಲಿ ಜೀವವಿರಲಿಲ್ಲ.

ಮತ್ತೆ ಬೆಂಗಳೂರು, ಮತ್ತೆ ಕಾಯುವುದು. ಕನ್ನಡಿ ಕೈಗೆ ಬರುವಾಗ ಯುಗಾದಿ ಹತ್ತಿರವಾಗಿತ್ತು. ಅಷ್ಟರಲ್ಲಿ ಅಣ್ಣ ಗೋಡೆ ಹಿಡಿದು ನಡೆಯುತ್ತಿದ್ದ.

ಸ್ಕೂಲಿನ ಮೈದಾನದಲ್ಲಿ ದೂರದರ್ಶಕ ನಿಲ್ಲಿಸಿ, ಮುಚ್ಚಂಜೆ ಕಳೆಯುತ್ತಲೇ ಶನಿಯನ್ನು ಹುಡುಕಿಟ್ಟೆ. ನಮ್ಮ ಸ್ಟ್ಯಾಂಡಿಗೆ ಮೋಟಾರಿರಲಿಲ್ಲ. ಭೂಮಿ ತಿರುಗುತ್ತಲೇ ಇರುತ್ತದಲ್ಲ, ಕೊಳವೆಯನ್ನು ಕೈಯಲ್ಲಿ ತಳ್ಳುತ್ತಿರದಿದ್ದರೆ ಗ್ರಹ ಬೇಗ ಜಾರಿಹೋಗುತ್ತದೆ. ಅಣ್ಣ ತಡವರಿಸಿಕೊಂಡು ಬಂದ. ಅವನ ತೋಳು ಹಿಡಿದು ಕಣ್ಣು ಸರಿಯಾದ ಜಾಗಕ್ಕೆ ತರುವ ಗಡಿಬಿಡಿಯಲ್ಲಿ ಬಹಳ ಹೊತ್ತಾಯಿತು.

"ಕಾಣ್ತದಾ?" ಅಂದರು ಅತ್ತಿಗೆ.

"ಊಂ. ಉಂಗುರಾನೂ ಕಾಣ್ತಾದೆ. ನೀನೂ ನೋಡ್ಬಾ."

ಶನಿಮಹಾತ್ಮನನ್ನು ಎದುರಿಗೆ ಯಾರಾದರೂ ನೋಡುತ್ತಾರಾ ಅಂತ ಹೆದರುತ್ತಿದ್ದ ಹೆಂಗಸು ಕೈಮುಗಿದು ಬಗ್ಗಿದರು. ತುಂಬ ಹೊತ್ತು ನೋಡಿದರು.

"ಔದು ಕಣ್ರೀ. ಉಂಗುರ," ಅಂದರು.

ಅಣ್ಣನ ಕೈ ಹಿಡಿದುಕೊಂಡು ಅವರು ಸ್ಕೂಲಿನ ಮೆಟ್ಟಿಲ ಕಡೆ ಹೊರಟ ಮೇಲೆ ನಾನು ಕಣ್ಣಿಟ್ಟೆ. ಬರೀ ಕಪ್ಪು. ಅಣ್ಣನ ತೋಳು ಹಿಡಿದ ಗಡಿಬಿಡಿಯಲ್ಲಿ ನಾನು ಕೊಳವೆ ತಳ್ಳಿರಲೇ ಇಲ್ಲ; ಅವನು ಕಣ್ಣಿಡುವ ಮುಂಚೆಯೇ ಶನಿ ಜಾರಿಹೋಗಿತ್ತು. ಕೊಳವೆಯನ್ನು ಒಂದಿಷ್ಟು ಪಡುವಣಕ್ಕೆ ತಳ್ಳಿದೆ. ಅಲ್ಲಿತ್ತು, ಉಂಗುರ ಸಮೇತ. ಅವರನ್ನು ಮತ್ತೆ ಕರೆಯಲು ನನಗೆ ಬಾಯಿ ಬರಲಿಲ್ಲ.