ರುದ್ರಯ್ಯನವರ ಎಣ್ಣೆ ಚಿಪ್ಪು

ರುದ್ರಯ್ಯನವರು ಐಸ್ ಮೆಷಿನ್ನಿನ ಪೈಪಿಗೆ ಕೆನ್ನೆಯಿಟ್ಟು ಕಣ್ಣು ಮುಚ್ಚಿ ನಿಂತರೆ, ನೋಡಿದವರು ಈ ಮನುಷ್ಯನಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಕು. ಕೆನ್ನೆ ಎಷ್ಟು ಬೇಗ ಮರಗಟ್ಟುತ್ತದೆ ಎನ್ನುವುದರಲ್ಲೇ ಅವರಿಗೆ ಮೆಷಿನ್ನಿನ ಆರೋಗ್ಯ ತಿಳಿಯುತ್ತಿತ್ತು. ಕಡೂರಿನಲ್ಲಿ ನಮ್ಮ ಮಾವನವರು ಸೋಡಾ ಅಂಗಡಿಯ ಹಿಂದೆ ಅದನ್ನು ಹಾಕಿಸಿದಾಗ ನೋಡಿಕೊಳ್ಳಲು ತರೀಕೆರೆಯಿಂದ ಬಂದವರು ಅವರು. ಅದೇ ವರ್ಷ ಅಜ್ಜಂಪುರದಿಂದ ಸೊಸೆಯಾಗಿ ಬಂದವಳು ನಾನು.

ಎಣ್ಣೆ ಹಾಕಲು ಅವರ ಬಳಿ ಒಂದು ತೆಂಗಿನ ಚಿಪ್ಪಿತ್ತು, ಅದರೊಳಗೆ ಚಾಕುವಿನಿಂದ ಎಳೆದ ಒಂದು ಗೀರು. ವಾರಕ್ಕೊಮ್ಮೆ ಆ ಗೀರಿನವರೆಗೆ ಎಣ್ಣೆ. ಹನಿ ಹೆಚ್ಚಿಲ್ಲ, ಹನಿ ಕಮ್ಮಿಯಿಲ್ಲ. "ಕಮ್ಮಿಯಾದ್ರೆ ಕಿರುಚ್ತದೆ, ಜಾಸ್ತಿಯಾದ್ರೆ ಮುನಿಸ್ಕೋತದೆ ಕಣವ್ವ" ಎನ್ನುತ್ತಿದ್ದರು. ಊಟಕ್ಕೆ ಕೂತಾಗಲೂ ಅಷ್ಟೇ. ಒಂದು ಚಮಚ ತುಪ್ಪ ಬಿದ್ದ ಕೂಡಲೇ ಎಲೆಯ ಮೇಲೆ ಅಂಗೈ ಅಡ್ಡ. ನಮ್ಮದೋ, ಸಾಕು ಸಾಕೆಂದರೂ ಬಿಡದೆ ಬಡಿಸುವ ಮನೆ. ಆ ಅಂಗೈ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಆಯುಧ ಪೂಜೆಗೆ ಅವರು ಊರಿಗೆ ಹೋಗಿದ್ದರು. ಅತ್ತೆ ಮೆಷಿನ್ನಿಗೆ ವಿಭೂತಿ ಹಚ್ಚಿ ಹೂ ಮುಡಿಸಿದರು. ನಮಗೆಲ್ಲ ಹೋಳಿಗೆ ತುಪ್ಪ, ವರ್ಷವಿಡೀ ದುಡಿಯುವ ಇದಕ್ಕೆ ಮಾತ್ರ ಗೀರಿನ ಲೆಕ್ಕವೇ ಎಂದು ನನಗೆ ಪಾಪ ಅನ್ನಿಸಿತು. ಎಣ್ಣೆ ಬಟ್ಟಲಿನ ತಿರುಪುಗಳನ್ನು ಅವರು ತಿರುಗಿಸುವ ರೀತಿ ನೋಡಿಕೊಂಡಿದ್ದೆ. ಎಲ್ಲರೂ ಊಟಕ್ಕೆ ಎದ್ದಾಗ ಎರಡು ಚಿಪ್ಪು ತುಂಬ ಬಡಿಸಿಯೇಬಿಟ್ಟೆ, ನನ್ನ ಜಾಣತನಕ್ಕೆ ಬೆಂಕಿ ಹಾಕ!

ಮರುದಿನ ಅವರು ಬಂದು ನೋಡಿದರೆ ಮೆಷಿನ್ ಗಡಗಡ ಓಡುತ್ತಿದೆ, ನೀರು ಮಾತ್ರ ನೀರಾಗಿಯೇ ಇದೆ. ಅಮಲ್ದಾರರ ಮನೆಯ ಜವಾನ ಐಸಿಗೆ ಬಂದು ನಿಂತಿದ್ದಾನೆ. ಮಾವನವರು ಕೆಂಡವಾದರು. ಎಣ್ಣೆಯಲ್ಲಿ ಜುಗ್ಗತನ ಮಾಡಿ ಕೆಡಿಸಿದಿರಿ, ಸಂಜೆಯ ರೈಲಿಗೇ ಹೊರಡಿ ಎಂದುಬಿಟ್ಟರು. ರುದ್ರಯ್ಯನವರು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಮೆಷಿನ್ನಿನ ಅಮೋನಿಯಾ ಘಾಟಿಗೆ ಕಣ್ಣೀರು ಸುರಿಸುತ್ತ, ಪೈಪಿನ ಬುಡದಿಂದ ಎಣ್ಣೆ ಇಳಿಸಿ ಅಳೆದರು. ಎರಡು ಚಿಪ್ಪು ಹೆಚ್ಚಿತ್ತು. ಪೈಪಿನೊಳಗೆ ಎಣ್ಣೆ ಮೆತ್ತಿಕೊಂಡರೆ ತಂಪು ನೀರಿಗೆ ತಲುಪುವುದಿಲ್ಲವಂತೆ. ಇಷ್ಟು ಸುರಿದವರು ಯಾರು ಎಂದು ಮಾವನವರು ಗುಡುಗಿದರು. ಹಿತ್ತಲಲ್ಲಿ ಒಣಗುತ್ತಿದ್ದ ನನ್ನ ಹಬ್ಬದ ಸೀರೆಯ ಸೆರಗಿನಲ್ಲಿ ಎಣ್ಣೆ ಕಲೆಯಿತ್ತು. ರುದ್ರಯ್ಯನವರು ಅದನ್ನು ನೋಡಿದರು, ನನ್ನನ್ನು ನೋಡಿದರು.

"ನಂದೇ ಕೈತಪ್ಪು ಸ್ವಾಮಿ, ಹೊರಡ್ತೀನಿ" ಎಂದರು.

ಮಾವನವರ ಎದುರು ನಾನು ಅದುವರೆಗೆ ತುಟಿ ಬಿಚ್ಚಿದವಳಲ್ಲ. ನನ್ನಿಂದ ಒಬ್ಬರ ಅನ್ನ ಹೋಗುತ್ತದಲ್ಲ ಎಂದು ಮುಂದೆ ಬಂದು ನಿಂತೆ. "ಅವರಲ್ಲ ಮಾವ, ನಾನು ಹಾಕಿದ್ದು. ಹಬ್ಬ ಅಂತ" ಎಂದೆ. ಮೊದಲು ನಕ್ಕವರು ರುದ್ರಯ್ಯನವರು. "ನೆಂಟ್ರಿಗೆ ಬಡಿಸ್ದಂಗೆ ಬಡಿಸವ್ರೆ, ಅದಿನ್ನೆಂಗೆ ಕೆಲಸ ಮಾಡೀತು ಸ್ವಾಮಿ" ಎಂದು ಹೊಟ್ಟೆ ಹಿಡಿದುಕೊಂಡರು. ಮಾವನವರೂ ತಡೆಯಲಾರದೆ ನಕ್ಕರು. ಸಂಜೆಯ ರೈಲು ಅವರಿಲ್ಲದೆಯೇ ಹೋಯಿತು, ಐಸೂ ಕಟ್ಟಿತು. ಮುಂದಿನ ವಾರ ರುದ್ರಯ್ಯನವರು ಚಿಪ್ಪನ್ನು ನನ್ನ ಕೈಗೇ ಕೊಟ್ಟರು. ಅಂದಿನಿಂದ ಎಣ್ಣೆ ಹಾಕುವವಳು ನಾನು, ಪಕ್ಕದಲ್ಲಿ ನಿಂತು ಗೀರು ನೋಡುವವರು ಅವರು.

ವಯಸ್ಸಾಗಿ, ಕೆಲಸ ಬಿಟ್ಟು ತರೀಕೆರೆಗೆ ಹೊರಟ ದಿನ ನಮ್ಮಲ್ಲೇ ಊಟಕ್ಕೆ ಕೂತರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಒಂದು ಚಮಚ ತುಪ್ಪ ಹಾಕಿ ಅಭ್ಯಾಸದಂತೆ ಕೈ ಹಿಂದಕ್ಕೆ ತೆಗೆದೆ. ಅಂಗೈ ಅಡ್ಡ ಬರಲಿಲ್ಲ.

"ಇವತ್ತು ಗೀರು ನೋಡ್ಬೇಡ ಕಣವ್ವ, ಹಾಕು" ಎಂದರು.

ಹಾಕಿದೆ. ಸಾಕು ಅನ್ನಲೇ ಇಲ್ಲ ಪುಣ್ಯಾತ್ಮ. ತುಪ್ಪ ಅನ್ನ ದಾಟಿ ಎಲೆಯ ಅಂಚಿಗೆ ಹರಿಯಿತು.