ಮೇಲಿನ ಮಂಚದವನ ಕೆಮ್ಮು

ಗಲ್ಫಿಗೆ ಹೋದವರು ಕಾಗದ ಬರೆಯುವ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದ ಕಾಲ ಅದು. ವಿಟ್ಲದ ನಮ್ಮ ಮನೆಗೂ ಉಪ್ಪನ, ಎಂದರೆ ನಮ್ಮ ತಂದೆಯ, ಧ್ವನಿ ಹಾಗೆಯೇ ಬರುತ್ತಿತ್ತು. ರಜೆಗೆ ಊರಿಗೆ ಹೊರಟ ಯಾರದೋ ಪೆಟ್ಟಿಗೆಯಲ್ಲಿ, ಬಟ್ಟೆಗಳ ನಡುವೆ, ಅತ್ತರಿನ ವಾಸನೆ ಹಚ್ಚಿಕೊಂಡು. ನಮ್ಮಲ್ಲಿದ್ದ ಸಣ್ಣ ಟೇಪ್ ರೆಕಾರ್ಡರಿನಲ್ಲಿ ಹಾಕಿದರೆ ಉಪ್ಪ ಮೂಗು ಹಿಡಿದುಕೊಂಡು ಮಾತಾಡಿದಂತೆ ಕೇಳುತ್ತಿತ್ತು. ಹಿಂದೆ ಬರೀ ಸೊಂಯ್ ಎಂಬ ಸದ್ದು. ಪ್ರತಿ ಸಲವೂ ಆರಂಭ ಒಂದೇ: "ಇಲ್ಲಿ ನಾನೊಬ್ಬನೇ ರೂಮಿನಲ್ಲಿ ಆರಾಮಾಗಿ ಇದ್ದೇನೆ. ಏಸಿ ಉಂಟು."

ಆ ರೂಮು ಕ್ರಮೇಣ ನಮ್ಮ ಮನೆಯದೇ ಇನ್ನೊಂದು ಕೋಣೆಯಾಗಿಬಿಟ್ಟಿತ್ತು. ಬರುವ ರಜೆಯಲ್ಲಿ ನಮ್ಮನ್ನೆಲ್ಲ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ನಮ್ಮ ತಾಯಿ, ಉಮ್ಮ, ಅದರ ಕಿಟಕಿಗೆಂದು ಹಸಿರು ಎಲೆಗಳ ಪರದೆ ಹೊಲಿದಿಟ್ಟಿದ್ದರು. ಕಿಟಕಿಯ ಅಳತೆ ಗೊತ್ತಿರಲಿಲ್ಲ, ಸ್ವಲ್ಪ ಉದ್ದವೇ ಇರಲಿ ಎಂದು ಅಂಚು ಮಡಚಿದ್ದರು. ಕಾನ್ವೆಂಟಿನಲ್ಲಿ ಸಿಸ್ಟರ್ ತಂದೆಯ ಬಗ್ಗೆ ಬರೆಯಲು ಹೇಳಿದಾಗ ನಾನು ಉಪ್ಪನಿಗಿಂತ ಹೆಚ್ಚು ಆ ರೂಮಿನ ಬಗ್ಗೆಯೇ ಬರೆದಿದ್ದೆ. ಸಿಸ್ಟರ್ ಅದನ್ನು ಕ್ಲಾಸಿಗೆ ಓದಿ ಹೇಳಿದ್ದರು.

ಆ ವರ್ಷ ಉಪ್ಪ ಬರುವಾಗ ಆಂಪ್ಲಿಫೈಯರ್ ಮತ್ತು ಕ್ಯಾಸೆಟ್ ಡೆಕ್ ತಂದರು. ಥರ್ಮಕೋಲಿನಿಂದ ಬಿಡಿಸುವಾಗ ಬಂದ ಹೊಸ ವಯರಿನ ವಾಸನೆ ನನಗೆ ಇನ್ನೂ ನೆನಪುಂಟು. ಸ್ಪೀಕರುಗಳು ಭಾರವೆಂದು ಅವನ್ನು ಊರಿನಲ್ಲೇ ಕೊಳ್ಳುವುದೆಂದಾಯಿತು. ಉಮ್ಮನ ಅಣ್ಣ, ನಮ್ಮ ಮಾಮ, ಮೂಡಬಿದ್ರೆಯಲ್ಲಿ ಒಂದು ಅಂಗಡಿ ನೋಡಿಟ್ಟಿದ್ದರು. ನಾನೂ ಬಸ್ಸಿನಲ್ಲಿ ಜೊತೆಗೆ ಹೋದೆ.

ಮಾಮ ನೇರ ಎಲ್ಲಕ್ಕಿಂತ ದೊಡ್ಡದರ ಎದುರು ನಿಂತರು. "ಇದನ್ನೇ ತೆಗೆದುಕೊಳ್ಳುವ ಭಾವ. ವಿಟ್ಲದಲ್ಲಿ ಹಾಕಿದರೆ ಇಲ್ಲಿ ಪಕ್ಕದ ಬೆಳುವಾಯಿಯವರು ಎದ್ದು ಕೂತುಕೊಳ್ಬೇಕು."

ಉಪ್ಪ ಅದನ್ನು ತಿರುಗಿಸಿ ಬೆನ್ನು ನೋಡಿದರು. "ಇದು ನಾಲ್ಕು ಓಮಿನದ್ದು. ನಮ್ಮದಕ್ಕೆ ಎಂಟರದ್ದೇ ಆಗಬೇಕು. ಇದನ್ನು ಹಾಕಿದರೆ ಆಂಪ್ಲಿಫೈಯರ್ ಎಳೆದೂ ಎಳೆದೂ ಬಿಸಿಯಾಗಿ ಸುಟ್ಟು ಹೋಗ್ತದೆ."

"ನನ್ನ ತಂಗಿಯನ್ನು ನೋಡಲಿಕ್ಕೆ ಬಂದ ದಿನ ನೀವು ಇಷ್ಟು ಹೊತ್ತು ಕೂತಿರಲಿಲ್ಲ ಮಾರಾಯ್ರೆ!"

"ಅವಳ ಬೆನ್ನಿನಲ್ಲಿ ಏನೂ ಬರೆದಿರಲಿಲ್ಲ," ಎಂದರು ಉಪ್ಪ. ಅಂಗಡಿಯವರೂ ನಕ್ಕರು.

ಉಪ್ಪ ಆರಿಸಿದ್ದು ಸಾಧಾರಣ ಗಾತ್ರದ ಜೋಡಿ. ಮೇಲೆ ನಾಣ್ಯದಷ್ಟಗಲದ ಟ್ವೀಟರ್ ಇತ್ತು. "ದೊಡ್ಡ ಸದ್ದು ಯಾವುದರಲ್ಲಿಯೂ ಬರ್ತದೆ ಮಗಳೇ. ಸಣ್ಣ ಸದ್ದು ಬರಬೇಕಾದರೆ ಇದು ಬೇಕು," ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. ಬರುವಾಗ ಒಂದು ಉಪ್ಪನ ಮಡಿಲಲ್ಲಿ, ಇನ್ನೊಂದು ಮಾಮನ ಮಡಿಲಲ್ಲಿ.

ರಜೆಯ ಆ ಬೆಳಿಗ್ಗೆಗಳಲ್ಲಿ ಉಪ್ಪ ನನ್ನ ಪುಟ್ಟ ತಮ್ಮನೊಂದಿಗೆ ಆಡುತ್ತಾ ಕಂಬಳಿಯೊಳಗೆ ನುಸುಳಿ, "ನಾನು ಎಲ್ಲಿದ್ದೇನೆ ಹೇಳಿ ನೋಡುವ?" ಎಂದು ಕೂಗುತ್ತಿದ್ದರು. ಬಾಯಿತುಂಬ ಹತ್ತಿ ತುಂಬಿಕೊಂಡವರ ಹಾಗೆ ಕೇಳುತ್ತಿತ್ತು. ನಮಗೆ ಕಾಣಿಸಿದರೂ ಕಾಣದವರಂತೆ ಹುಡುಕುತ್ತಿದ್ದೆವು.

ಸ್ಪೀಕರ್ ಜೋಡಿಸಿದ ದಿನ ನಮ್ಮ ಮನೆಯ ಚಾವಡಿ ತುಂಬ ಜನ. ಮಾಮ, ಉಪ್ಪನ ತಾಯಿಯಾದ ನಮ್ಮಜ್ಜಿ, ಪಕ್ಕದ ಜೈನರ ಮನೆಯ ಪದ್ಮಕ್ಕ. ರೂಮಿನ ಕಥೆಯನ್ನು ಉಮ್ಮ ಅತಿ ಹೆಚ್ಚು ಹೇಳಿದ್ದು ಈ ಪದ್ಮಕ್ಕನಿಗೇ. ಉಪ್ಪ ಕೆಂಪು ವಯರು ಕೆಂಪಿಗೆ, ಕಪ್ಪು ಕಪ್ಪಿಗೆ ಸಿಕ್ಕಿಸಿ, ಪೆಟ್ಟಿಗೆಗಳನ್ನು ಸ್ವಲ್ಪ ಓರೆ ಮಾಡಿ, ಹಿಂದೆ ಬಂದು ಕೂತು ಕೇಳಿ, ಮತ್ತೆ ಎದ್ದು ಸರಿಮಾಡಿ ಹಾಡು ಹಾಕಿದರು. ತಬಲದ ಮೇಲೆ ಬೆರಳು ಜಾರುವುದೂ ಕೇಳಿತು.

ಅಜ್ಜಿಗೆ ಕಿವಿ ಮಂದ. "ಹಾಡು ಇರಲಿ. ಇವನು ಕಳಿಸಿದ ಕ್ಯಾಸೆಟ್ ಹಾಕಿ, ಕೇಳುವ," ಎಂದರು.

"ನಾನೇ ಇಲ್ಲಿ ಇದ್ದೇನಲ್ಲ ಉಮ್ಮಾ," ಎಂದರು ಉಪ್ಪ.

"ಈಗ ಇದ್ದಿ. ಇಷ್ಟು ವರ್ಷ ಆ ಡಬ್ಬಿಯಲ್ಲಿ ನೀನು ಹೇಳಿದ್ದು ಒಂದಾದರೂ ನನಗೆ ಸರಿಯಾಗಿ ಕೇಳಿದೆಯಾ?"

ಉಮ್ಮ ಒಳಗಿನಿಂದ ಕ್ಯಾಸೆಟ್ ತಂದುಕೊಟ್ಟರು. ಉಪ್ಪನ ಧ್ವನಿ ಎಷ್ಟು ನಿಜವಾಗಿ ಬಂತೆಂದರೆ ತಮ್ಮ ಉಪ್ಪನ ಬಾಯಿಯನ್ನೇ ನೋಡಿದ. "ಇಲ್ಲಿ ನಾನೊಬ್ಬನೇ ರೂಮಿನಲ್ಲಿ..." ಎನ್ನುವಷ್ಟರಲ್ಲಿ ಹಿಂದೆ ಒಬ್ಬರು ಕೆಮ್ಮಿದರು. ಒಣಕೆಮ್ಮು, ನಿಲ್ಲಲೇ ಇಲ್ಲ. ಕಬ್ಬಿಣದ ಮಂಚ ಕಿರುಗುಟ್ಟಿತು. ಮಲಯಾಳದಲ್ಲಿ ಒಬ್ಬರು ದೀಪ ಆರಿಸಲು ಹೇಳಿದರು. ಪಾತ್ರೆ ತೊಳೆಯುವ ಸರದಿ ಯಾರದೆಂದು ಇನ್ನೊಬ್ಬರು ಹಿಂದಿಯಲ್ಲಿ ಗದರಿದರು. ಉಪ್ಪ "ಏಸಿ ಉಂಟು" ಎಂದದ್ದೇ ತಡ, ನಮ್ಮದೇ ಬ್ಯಾರಿ ಭಾಷೆಯಲ್ಲಿ ಯಾರೋ ನಕ್ಕರು: "ಏಸಿಯಂತೆ ಏಸಿ! ಇವನ ಸುಳ್ಳು ಕೇಳಿ!" ಹಳೆಯ ಡಬ್ಬಿಯ ಸೊಂಯ್ ಸದ್ದಿನೊಳಗೆ ಇವರೆಲ್ಲ ಇಷ್ಟು ದಿನ ಇದ್ದರು.

ಉಪ್ಪ ಎದ್ದು ಆಂಪ್ಲಿಫೈಯರಿನ ಎದುರು ಮೊಣಕಾಲೂರಿದರು. ನಿಲ್ಲಿಸುತ್ತಾರೆಂದುಕೊಂಡೆ. "ಟ್ರೆಬಲ್ ಸ್ವಲ್ಪ ಜಾಸ್ತಿಯಾಯಿತು," ಎಂದು ಸಣ್ಣ ಸದ್ದು ತಗ್ಗಿಸುವ ಗುಂಡಿಯನ್ನು ತಿರುಗಿಸಿದರು. ಕೆಮ್ಮು ದಪ್ಪವಾಯಿತೇ ಹೊರತು ಹೋಗಲಿಲ್ಲ. ಉಪ್ಪನ ಕಿವಿಯ ಹಿಂಭಾಗ ಕೆಂಪಾಗಿತ್ತು. ಯಾವಾಗಲೂ ಬಾಯಿ ಮುಚ್ಚದ ಮಾಮ ಈಗ ಸ್ಪೀಕರಿನ ಬಟ್ಟೆಯನ್ನೇ ನೋಡುತ್ತಿದ್ದರು. ಪದ್ಮಕ್ಕ, "ಒಲೆಯಲ್ಲಿ ಅನ್ನ ಇಟ್ಟು ಬಂದಿದ್ದೇನೆ," ಎಂದು ಎದ್ದರು. ನನಗೆ ಕ್ಲಾಸಿನಲ್ಲಿ ಓದಿದ ಪ್ರತಿ ವಾಕ್ಯವೂ ನೆನಪಾಗಿ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅಜ್ಜಿಗೆ ಮಾತ್ರ ಖುಷಿ. "ಎಷ್ಟು ಚಂದ ಕೇಳ್ತದೆ! ಜೊತೆಗೆ ಜನ ಉಂಟಲ್ಲ. ಒಬ್ಬನೇ ಅಂತ ನಾನು ಹೆದರ್ತಿದ್ದೆ."

ಮರುದಿನ ಬೆಳಿಗ್ಗೆ ಉಮ್ಮ ಅಕ್ಕಿರೊಟ್ಟಿ ಬಡಿಸುತ್ತಾ ಒಂದೇ ಮಾತು ಕೇಳಿದರು. "ಕೆಮ್ಮುವುದು ಯಾರು?"

ಉಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ನನ್ನ ಮೇಲಿನ ಮಂಚದವ. ಬೆಳ್ತಂಗಡಿ ಕಡೆಯವ. ಸಿಮೆಂಟಿನ ಕೆಲಸ."

"ಮದ್ದು ಮಾಡುವುದಿಲ್ಲವಾ?"

"ಮಾಡ್ತಾನೆ. ಕಡಿಮೆಯಾಗುವುದಿಲ್ಲ."

ಉಪ್ಪ ಹೊರಡುವ ದಿನ ಉಮ್ಮ ಕಾಳುಮೆಣಸು, ಶುಂಠಿ ಕುಟ್ಟಿ ಬೆಲ್ಲದಲ್ಲಿ ಕಟ್ಟಿದ ಉಂಡೆಗಳನ್ನು ಒಂದು ಡಬ್ಬಿಯಲ್ಲಿ ತುಂಬಿಸಿಕೊಟ್ಟರು. ನಾವು ಹೋಗುವ ಮಾತನ್ನು ಯಾರೂ ಎತ್ತಲಿಲ್ಲ. ಹಸಿರು ಎಲೆಗಳ ಪರದೆಯನ್ನು ಕತ್ತರಿಸಿ ಉಮ್ಮ ಸ್ಪೀಕರುಗಳಿಗೆ ಮುಸುಕು ಹೊಲಿದರು, ಧೂಳು ಬೀಳದ ಹಾಗೆ.

ಮುಂದಿನ ಕ್ಯಾಸೆಟ್ ಬಂದಾಗ ಮುಸುಕು ತೆಗೆದು ಕೇಳಿದೆವು. ಕೆಮ್ಮಿಲ್ಲ, ಮಂಚವಿಲ್ಲ, ನಗುವವರೂ ಇಲ್ಲ. ಉಪ್ಪನ ಧ್ವನಿ ಮಾತ್ರ, ಅದೂ ಬಾಯಿಗೆ ಹತ್ತಿ ತುಂಬಿದಂತೆ. ನಡುನಡುವೆ ಉಣ್ಣೆ ಉಜ್ಜುವ ಸದ್ದು, ಬಿಸಿ ಉಸಿರು. ತಮ್ಮ ಕೂಡಲೇ ಕುಣಿದ: "ಉಪ್ಪ ಕಂಬಳಿಯೊಳಗೆ ಇದ್ದಾರೆ!" ಆ ಊರಿನ ಸೆಕೆಯಲ್ಲಿ, ನಮ್ಮ ಒಳ್ಳೆಯ ಸ್ಪೀಕರುಗಳಿಗೆ ಹೆದರಿ, ಉಪ್ಪ ತಲೆಯವರೆಗೆ ಕಂಬಳಿ ಹೊದ್ದು ಹೇಳುತ್ತಿದ್ದರು: "ಇಲ್ಲಿ ನಾನು ಆರಾಮಾಗಿ ಇದ್ದೇನೆ." ಒಬ್ಬನೇ ಎನ್ನಲಿಲ್ಲ. ಆ ದಿನ ಚಾವಡಿಯಲ್ಲಿ ಆದದ್ದಕ್ಕಿಂತ ಹೆಚ್ಚು ನಾಚಿಕೆ ನನಗಾದದ್ದು ಆಗ. ಅವರು ಅಡಗಿಕೊಂಡದ್ದು ನಮ್ಮಿಂದ ಅಲ್ಲವೇ?

ಈಗ ನನ್ನ ತಮ್ಮ ಗಲ್ಫಿನಲ್ಲಿಯೇ ಇದ್ದಾನೆ. ಫೋನಿನಲ್ಲಿ ಮಾತು ಕಳಿಸುತ್ತಾನೆ. ಗಾಜಿನಷ್ಟು ಶುಭ್ರ. ಹಿಂದಿನ ಸದ್ದನ್ನೆಲ್ಲ ಫೋನೇ ಅಳಿಸುತ್ತದಂತೆ, ಕಂಬಳಿ ಬೇಡ. ಅವನ ಸುತ್ತ ಯಾರಿದ್ದಾರೆ, ಯಾರು ನಗುತ್ತಾರೆ, ನನಗೆ ಗೊತ್ತಾಗುವುದಿಲ್ಲ. ಆಗೆಲ್ಲ ಉಮ್ಮ ನೆನಪಾಗುತ್ತಾರೆ. ಆ ಕಂಬಳಿಯ ಕ್ಯಾಸೆಟ್ ಮುಗಿದ ಮೇಲೂ ಅವರು ಸ್ಪೀಕರಿನ ಹತ್ತಿರ ಕಿವಿಯಿಟ್ಟು ಕೂತೇ ಇದ್ದರು. ಆಮೇಲೆ ಮುಸುಕು ಹಾಕುತ್ತಾ, ಯಾರಿಗೂ ಅಲ್ಲದಂತೆ ಹೇಳಿದ್ದರು:

"ಆ ಹುಡುಗನಿಗೆ ಕೆಮ್ಮು ಕಡಿಮೆಯಾಯಿತೋ ಇಲ್ಲವೋ, ಇನ್ನು ಗೊತ್ತಾಗುವುದು ಹೇಗೆ?"