ಮಾವನ ಹೆಬ್ಬಾವು, ಅತ್ತೆಯ ಚಾಕರಿ

ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದ ಮಾರನೇ ಬೆಳಿಗ್ಗೆ ಸ್ನಾನಕ್ಕೆ ಹೊರಟವಳನ್ನು ಅತ್ತೆ ಬಚ್ಚಲ ಬಾಗಿಲಲ್ಲೇ ತಡೆದರು. "ತಡಿ ಮಗ, ಅವು ಎಲ್ಲವೆ ಅಂತ ನೋಡ್ಬುಟ್ಟು ಕರೀತೀನಿ" ಅಂದರು. ಯಾವುವು ಅಂತ ನಾನು ಕೇಳುವ ಮೊದಲೇ ಕಣ್ಣಿಗೆ ಬಿತ್ತು. ನೀರೊಲೆಯ ಪಕ್ಕದ ಬೆಚ್ಚನೆಯ ಮೂಲೆಯಲ್ಲಿ ನನ್ನ ತೊಡೆಗಾತ್ರದ ಹೆಬ್ಬಾವೊಂದು ಸುರುಳಿ ಸುತ್ತಿ ಮಲಗಿತ್ತು. ಅದರ ಹಿಂದೆ ಸ್ವಲ್ಪ ಸಣ್ಣದು ಇನ್ನೊಂದು. ನಾನು ಬಾಗಿಲಿಗೆ ಬೆನ್ನು ತಾಗುವವರೆಗೆ ಹಿಂದೆ ಸರಿದೆ. ಅತ್ತೆ ತುದಿಗೆ ಗೋಣಿ ಸುತ್ತಿದ ಉದ್ದನೆಯ ಕೋಲು ತಂದು ದೊಡ್ಡದರ ತಲೆಗೆ ಅಡ್ಡ ಹಿಡಿದು ನಿಂತರು. "ಬೇಗ ಉಯ್ಕೋ, ನಾನಿವ್ನಿ" ಅಂದರು. ಗಂಡನ ಮನೆಯಲ್ಲಿ ನನ್ನ ಮೊದಲ ಸ್ನಾನ ಹಾಗಾಯಿತು.

ನನ್ನ ತೌರು ಕಟ್ಟಾಯದ ಹತ್ತಿರ. ಹಾವು ಕಂಡರೆ ಕೈಮುಗಿದು ದೂರ ಸರಿಯುವ ಜನ ನಾವು. ಹೆಣ್ಣು ನೋಡಲು ಬಂದಾಗ ಗದ್ದೆ ಇದೆ ಅಂದಿದ್ದರು, ಹೆಂಚಿನ ಮನೆ ಇದೆ ಅಂದಿದ್ದರು, ಹುಡುಗ ಸ್ಕೂಲ್ ಮೇಷ್ಟ್ರು ಅಂದಿದ್ದರು. ಬಚ್ಚಲಲ್ಲಿ ಎರಡು ಹೆಬ್ಬಾವಿವೆ ಅಂತ ಒಬ್ಬರಾದರೂ ಬಾಯಿ ಬಿಡಲಿಲ್ಲ. ನನ್ನ ಗಂಡನೂ ಬಿಡಲಿಲ್ಲ. ಯಾಕೆ ಹೇಳಲಿಲ್ಲ ಅಂತ ಕೇಳಿದರೆ, "ಹೇಳೋ ಅಂಥದ್ದು ಏನೈತೆ ಅದ್ರಲ್ಲಿ, ಅವು ಚಿಕ್ಕೋರಿದ್ದಾಗಿಂದ ಇಲ್ಲೇ ಅವೆ" ಅಂದರು. ಮನೆಯ ಮಕ್ಕಳ ಬಗ್ಗೆ ಮಾತಾಡುವ ಹಾಗೆ.

ನಮ್ಮ ಮಾವನದು ನಾಟಾ ವ್ಯಾಪಾರ. ಐವತ್ತರ ದಶಕದಲ್ಲಿ ಅರಕಲಗೂಡಿನ ಆಚೆ, ಕೊಡಗಿನ ಗಡಿಯ ಕಾಡಿನಿಂದ ದಿಮ್ಮಿ ತರಿಸುತ್ತಿದ್ದರು. ಒಂದು ಸಲ ಆಳುಗಳು ಬಿದ್ದ ಮರ ಎತ್ತಿದಾಗ ಅಡಿಯಲ್ಲಿ ಹೆಬ್ಬಾವಿನ ಮರಿಗಳು ಸಿಕ್ಕವಂತೆ. ಆಳುಗಳು ಓಡಿದರು. ಇವರು ಎರಡನ್ನು ಹಿಡಿದು ಟವಲಿನಲ್ಲಿ ಕಟ್ಟಿಕೊಂಡು ಬಂದರು. ಮರಿಗಳು ಬೆಳೆದವು, ಜೊತೆಗೆ ಮಾವನ ಹೆಸರೂ ಬೆಳೆಯಿತು. ಊರಿನವರು ನಮ್ಮದನ್ನು ಹೆಬ್ಬಾವಿನ ಮನೆ ಅನ್ನುತ್ತಿದ್ದರು. ಹಾಸನದಿಂದ ವಕೀಲರು, ಚನ್ನರಾಯಪಟ್ಟಣದಿಂದ ವ್ಯಾಪಾರಸ್ಥರು ನೋಡಲು ಬರುತ್ತಿದ್ದರು. ಮಾವ ಬಿಳೀ ಅಂಗಿ ತೊಟ್ಟು, ಚಿಕ್ಕದನ್ನು ಹೆಗಲ ಮೇಲೆ ಹಾಕಿಕೊಂಡು ಜಗಲಿಯಲ್ಲಿ ನಿಂತರೆ ಬೀದಿಯೆಲ್ಲ ನಿಂತು ನೋಡುತ್ತಿತ್ತು. ದೊಡ್ಡದನ್ನು ಮಾತ್ರ ಹೆಗಲಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅದರ ಗುಣ ಅವರಿಗೆ ಚೆನ್ನಾಗಿ ಗೊತ್ತಿತ್ತು.

ದೊಡ್ಡದು ಹೆಣ್ಣು. ಪೊರೆ ಬಿಡುವ ಮುಂಚೆ ಅದರ ಕಣ್ಣು ಹಾಲು ಹಾಕಿದಂತೆ ಮಂಜಾಗುತ್ತಿತ್ತು. ಆಗ ಯಾರು ಹತ್ತಿರ ಹೋದರೂ ತಿದಿ ಒತ್ತಿದ ಹಾಗೆ ಬುಸುಗುಟ್ಟಿ ತಲೆ ಎಸೆಯುತ್ತಿತ್ತು. ಅಂಥ ವಾರದಲ್ಲೇ ಮಾವನಿಗೆ ಕಾಡಿನ ಕಡೆ ಕೆಲಸ ಬೀಳುತ್ತಿತ್ತು. ಅದು ಹೇಗೋ ನಾ ಕಾಣೆ. ಉಳಿಯುತ್ತಿದ್ದವರು ನಾವಿಬ್ಬರು ಹೆಂಗಸರು. ಚಳಿಗಾಲದಲ್ಲಿ ಅವಕ್ಕೆ ಥಂಡಿಯಾಗಬಾರದೆಂದು ನೀರೊಲೆ ಆರದ ಹಾಗೆ ನೋಡಿಕೊಳ್ಳಬೇಕು. ಸೌದೆ ಹೊರುವವರು ಅತ್ತೆ, ಹೊಗೆ ಕುಡಿಯುವವರು ಅತ್ತೆ. ಹೆಬ್ಬಾವು ಹೇತರೆ ಏನು ನಾತ ಅನ್ನುವುದು ಮೂಸಿದವರಿಗೇ ಗೊತ್ತು. ಅದನ್ನು ಬಳಿದು, ಬೂದಿ ಹಾಕಿ, ಕಲ್ಲು ಉಜ್ಜಿ ತೊಳೆಯುವವರೂ ಅತ್ತೆ. ಬಂದ ನೆಂಟರ ಎದುರು ಮಾವ ಪದೇಪದೇ ಆಡುತ್ತಿದ್ದ ಒಂದು ತಮಾಷೆ ಇತ್ತು. ಅತ್ತೆಯ ತೌರು ಹಾಸನದ ಹತ್ತಿರದ ಮೊಸಳೆ ಅನ್ನುವ ಊರು. "ನಮ್ಮೋಳು ಮೊಸಳೆಯಿಂದ ಬಂದೋಳು, ಎಬ್ಬಾವ್ಗೆ ಎದರ್ತಾಳಾ?" ಎಲ್ಲರೂ ನಗುತ್ತಿದ್ದರು. ಅತ್ತೆ ಒಂದು ಸಲವೂ ನಕ್ಕದ್ದು ನಾನು ನೋಡಲಿಲ್ಲ.

ಮೇವು ಅಂದರೆ ಕೋಳಿ. ಅತ್ತೆ ಕಾವಿಗೆ ಕೂರಿಸಿ, ಹದ್ದು ಬೆಕ್ಕಿನಿಂದ ಕಾಪಾಡಿ ಸಾಕಿದ ಕೋಳಿ. ನಾನು ಬಸುರಿಯಾದಾಗ ನನ್ನ ಬಾಣಂತನಕ್ಕೆಂದು ಅತ್ತೆ ಒಂದು ಕಪ್ಪು ನಾಟಿ ಹ್ಯಾಟೆ ಕೋಳಿಯನ್ನು ಬೇರೆ ಮಂಕರಿ ಬುಟ್ಟಿ ಮುಚ್ಚಿ ಸಾಕುತ್ತಿದ್ದರು. ಒಂದು ಸಂಜೆ ಮಂಕರಿ ಖಾಲಿ.

"ಆ ಕೋಳಿ ಏನಾಯ್ತು?" ಅತ್ತೆ ಕೇಳಿದರು.

"ದೊಡ್ಡದು ಬ್ಯಾರೆ ಯಾವ್ದೂ ಮುಟ್ನಿಲ್ಲ, ಅದ್ಕೇ ಆಕ್ದೆ. ಇನ್ನೊಂದು ಸಾಕ್ಕೊಂಡ್ರಾಯ್ತು ಬುಡು" ಅಂದರು ಮಾವ.

ಅತ್ತೆ ಖಾಲಿ ಮಂಕರಿಯನ್ನು ಗೋಡೆಗೆ ಒರಗಿಸಿಟ್ಟು ಒಳಗೆ ಹೋದರು. ಹೊಟ್ಟೆಯಲ್ಲಿ ಅವರದೇ ಮೊಮ್ಮಗು, ನನಗೆ ಇಟ್ಟ ಕೋಳಿ ಹಾವಿನ ಪಾಲು. ಸೊಸೆ, ಬಾಯಿ ಮುಚ್ಚಿಕೊಂಡೆ.

ಬಾಯಿ ತೆರೆದದ್ದು ಹಾಸನದವರು ಬಂದ ದಿನ. ಮಾವನ ಪರಿಚಯದ ನಾಲ್ಕಾರು ದೊಡ್ಡ ಮನುಷ್ಯರು ಕಾರಿನಲ್ಲಿ ಬಂದಿದ್ದರು. ಅವರಿಗೆ ಮುದ್ದೆ, ಕೋಳಿ ಸಾರು. ಅತ್ತೆ ಹಿತ್ತಲಲ್ಲಿ ಕೋಳಿ ಕೊಯ್ದು ಹಸನು ಮಾಡುತ್ತಿದ್ದರು, ನಾನು ಖಾರ ಅರೆಯುತ್ತಿದ್ದೆ. ನಡುಮನೆಯಿಂದ ಮಾವ ಕೂಗಿದರು: "ಏ ಇವ್ಳೇ, ಬಿಸ್ನೀರು ತತ್ತಾ, ಕೈಕಾಲು ತೊಳೀತಾರೆ."

"ಕೈ ತೊಳ್ಕೊಂಡು ತತ್ತೀನಿ, ಕೋಳಿ ಕೈ ಇದು" ಅಂದರು ಅತ್ತೆ.

"ಅವ್ರು ನಿಂತವ್ರೆ. ಮೊದ್ಲು ತತ್ತಾ."

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಚೊಂಬು ಹಿಡಿದು ಬಚ್ಚಲಿಗೆ ಹೋದರು. ಚೊಂಬು ಬಿದ್ದ ಸದ್ದು ಕೇಳಿ ನಾನು ಓಡಿದೆ. ದೊಡ್ಡದು ಅವರ ಬಲಗೈಯನ್ನು ಕಚ್ಚಿ, ಮೊಣಕೈವರೆಗೆ ಸುತ್ತಿಕೊಂಡಿತ್ತು. ಕೋಳಿಯ ವಾಸನೆಗೆ ಕೈಯನ್ನೇ ಕೋಳಿ ಅಂದುಕೊಂಡಿತ್ತು. ಅತ್ತೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಮುಖ ಬಿಳಿಚಿತ್ತು, ದನಿ ಮಾತ್ರ ನೆಟ್ಟಗಿತ್ತು. "ತಣ್ಣೀರು ಉಯ್ಯಿ ಮಗ, ಅದ್ರ ಮೂತಿ ಮ್ಯಾಲೆ. ಬಾಲದ ಕಡೆಯಿಂದ ಬಿಚ್ಚು."

ಬಸುರಿ ಹೊಟ್ಟೆ ಹೊತ್ತುಕೊಂಡು ನಾನು ಅದರ ಬಾಲ ಹಿಡಿದೆ. ಅಲ್ಲಿಯವರೆಗೆ ಅದನ್ನು ಮುಟ್ಟಿರಲಿಲ್ಲ. ಮೈಯೆಲ್ಲ ಒಂದೇ ಸ್ನಾಯು, ಬಿಚ್ಚಿದಷ್ಟೂ ಮತ್ತೆ ಸುತ್ತುತ್ತಿತ್ತು. ಅಷ್ಟರಲ್ಲಿ ಮಾವ ಬಾಗಿಲಿಗೆ ಬಂದರು. ಅವರ ಹಿಂದೆ ಹಾಸನದವರು. ಮಾವನ ಬಾಯಿಂದ ಬಂದ ಮೊದಲ ಮಾತು, "ಜಗ್ಗಬ್ಯಾಡ್ರಿ, ಅದ್ರ ಹಲ್ಲು ಮುರಿದೋಯ್ತವೆ."

ನಾನು ಸುರಿದ ನೀರಿಗೋ, ಇದು ಕೋಳಿಯಲ್ಲ ಅಂತ ತಿಳಿದೋ, ಹಾವು ಬಾಯಿ ಬಿಟ್ಟಿತು. ಅತ್ತೆಯ ಮುಂಗೈಯಿಂದ ರಕ್ತ ಇಳಿಯುತ್ತಿತ್ತು. ಮಾವ ಕೂತು ಹಾವಿನ ತಲೆ ಹಿಡಿದು ಅದರ ಬಾಯಿ ತೆರೆದು ನೋಡತೊಡಗಿದರು. ಬಂದವರಲ್ಲಿ ಒಬ್ಬರು ಇದಕ್ಕೆ ವಯಸ್ಸೆಷ್ಟು ಅಂತ ವಿಚಾರಿಸಿದರು. ನನ್ನ ಗಂಡ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು, ಪಾಠ ಬರದ ಹುಡುಗನ ಹಾಗೆ.

"ಮಾವ, ಹಾವಿನ ಬಾಯಿ ಆಮೇಲೆ ನೋಡುವ್ರಂತೆ. ಅತ್ತೆ ಕೈ ನೋಡಿ" ಅಂದೆ.

ಆ ಮನೆಯಲ್ಲಿ ಅವರಿಗೆ ಯಾರೂ ಹಾಗೆ ಅಂದಿರಲಿಲ್ಲ, ಅದೂ ನೆಂಟರ ಎದುರು. ಮಾವ ತಲೆಯೆತ್ತಿ ನನ್ನನ್ನಲ್ಲ, ನೆಂಟರನ್ನು ನೋಡಿದರು. "ಕೋಳಿ ಕೈಯಲ್ಲಿ ಅದ್ರ ಮುಂದಕ್ಕೆ ಓಗ್ಬಾರ್ದು ಅಂತ ಎಂಗಸ್ರಿಗೆ ಎಷ್ಟು ಏಳಿದ್ರೂ ಅಷ್ಟೇಯ" ಅಂದರು.



ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನಾನು ಮತ್ತು ಪಕ್ಕದ ಮನೆಯಾಕೆ. ಗಾಯ ಕೀವಾಗಿ, ಮಾಯಲು ತುಂಬ ಕಾಲ ಹಿಡಿಯಿತು. ಕೈ ಒಂದಿಷ್ಟು ಸುಧಾರಿಸಿದ ಮೇಲೆ ಒಂದು ಬೆಳಿಗ್ಗೆ ಅತ್ತೆ ಸೀರೆಯ ಗಂಟು ಕಟ್ಟಿಕೊಂಡು ಜಗಲಿಗೆ ಬಂದರು. ಮಾವ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ನಾನು ಮೊಸಳೆಗೆ ಓಯ್ತೀನಿ. ಆ ಎಲ್ಡೂ ಈ ಮನೆ ಬುಟ್ಟ ದಿನ ಬತ್ತೀನಿ."

ಜಗಳವಿಲ್ಲ, ಅಳುವಿಲ್ಲ. ಹಾಸನದ ಬಸ್ಸು ಹತ್ತಿಯೇಬಿಟ್ಟರು. ಮಾವ ನಕ್ಕು, "ನೋಡ್ತಿರು, ಈ ಸಂತೆಯೊಳ್ಗೆ ಬತ್ತಾಳೆ" ಅಂದರು. ಸಂತೆಯ ಮೇಲೆ ಸಂತೆ ಕಳೆಯಿತು. ಅತ್ತೆ ಹೋದ ದಿನವೇ ನಾನೂ ಹೇಳಿಬಿಟ್ಟೆ, ಬಚ್ಚಲಿಗೆ ಕಾಲಿಡುವುದಿಲ್ಲ ಅಂತ. ಹಿತ್ತಲಲ್ಲಿ ಮೂರು ಕಲ್ಲಿಟ್ಟು ನೀರು ಕಾಯಿಸಿಕೊಂಡು, ಕೊಟ್ಟಿಗೆಯ ಹಿಂದೆ ಸೀರೆ ಮರೆ ಕಟ್ಟಿ ಸ್ನಾನ ಮಾಡಿದೆ.

ಹೆಸರಾಂತ ಹಾವು ಸಾಕಣೆದಾರರು ಆಗ ಮೊದಲ ಸಲ ಹಾವು ಸಾಕಿದರು. ಮೂಗಿಗೆ ಟವಲು ಕಟ್ಟಿಕೊಂಡು ಬಚ್ಚಲು ಬಳಿದು, ಹೊರಗೆ ಬಂದು ಬಾವಿಯ ಪಕ್ಕ ಓಕರಿಸಿದ್ದನ್ನು ನಾನು ಕಂಡೆ. ಒದ್ದೆ ಸೌದೆ ಹಾಕಿ ಒಲೆ ಆರಿಸಿದರು. ದೊಡ್ಡದು ಮೇವು ಮುಟ್ಟುವುದನ್ನು ಬಿಟ್ಟಿತು, ಕೋಲಿಗೂ ಗೋಣಿಗೂ ಬಗ್ಗದೆ ಒಂದು ದಿನ ಅವರ ಮೊಣಕೈಗೆ ಬಾಯಿ ಹಾಕಿತು. ನಾನು ಅರಿಶಿನ ಹಚ್ಚಿ ಬಟ್ಟೆ ಕಟ್ಟಿದೆ. ಕಟ್ಟಿಸಿಕೊಳ್ಳುತ್ತಾ, "ಇದ್ನೆಲ್ಲ ಅವ್ಳೊಬ್ಳೇ ಎಂಗೆ ಮಾಡ್ತಿದ್ಲು?" ಅಂದರು.

"ಅದನ್ನ ಅವ್ರನ್ನೇ ಕೇಳ್ಬೇಕಾಗಿತ್ತು ಮಾವ" ಅಂದೆ.

ಆಮೇಲೊಂದು ದಿನ ಎರಡನ್ನೂ ಗೋಣಿಚೀಲದಲ್ಲಿ ಕಟ್ಟಿ ನಾಟಾ ಲಾರಿಯಲ್ಲಿ ಅರಕಲಗೂಡಿನ ಕಡೆ ಕಾಡಿಗೆ ಒಯ್ದರು. ನನ್ನ ಗಂಡನೂ ಜೊತೆಗಿದ್ದರು. ಚೀಲ ಬಿಚ್ಚಿದ ಕೂಡಲೇ ದೊಡ್ಡದು ತರಗೆಲೆಗಳೊಳಗೆ ಸರಿದು ಮಾಯವಾಯಿತಂತೆ. ಚಿಕ್ಕದು ಮಾತ್ರ ಲಾರಿಯ ಬೆಚ್ಚನೆಯ ಚಕ್ರದ ಹತ್ತಿರವೇ ಸುತ್ತಿ ಮಲಗಿತಂತೆ. ಕೋಲಿನಿಂದ ಸರಿಸಿ ಸರಿಸಿ ಕಳಿಸಬೇಕಾಯಿತು. ಮಾವ ಅತ್ತರಂತೆ. ಗಂಡ ಅದನ್ನು ಮರುಗುತ್ತಾ ಹೇಳಿದರು. ನನಗೆ ಮರುಕ ಬಂದದ್ದು ಆ ಚಿಕ್ಕ ಹಾವಿನ ಮೇಲೆ. ಕಾಡಿನಲ್ಲಿ ಹುಟ್ಟಿದ ಜೀವವನ್ನು ತಂದು, ನೀರೊಲೆಗೂ ಮಂಕರಿಯ ಕೋಳಿಗೂ ಒಗ್ಗಿಸಿ, ಈಗ ಹೋಗು ಅಂದರೆ ಅದು ಎಲ್ಲಿಗೆ ಹೋದೀತು? ನಮ್ಮ ಅತ್ತೆಗೆ ಮಾಡಿದ್ದು ಅನ್ಯಾಯ, ಅದಕ್ಕೆ ಮಾಡಿದ್ದೂ ಅನ್ಯಾಯವೇ.

ಮಾವ ಮೊದಲು ಮಗನನ್ನು ಮೊಸಳೆಗೆ ಕಳಿಸಿದರು. ಅತ್ತೆ ಮಗನಿಗೆ ಉಣ್ಣಿಸಿ, "ಕಳ್ಸಿದೋರೇ ಬರ್ಲಿ" ಅಂತ ವಾಪಸು ಅಟ್ಟಿದರು. ಕೊನೆಗೆ ಮಾವನೇ ಹೋಗಿ ಕರೆತಂದರು. ಅಲ್ಲಿ ಏನು ಮಾತಾಯಿತೋ ಇಬ್ಬರೂ ಹೇಳಲಿಲ್ಲ. ಆದರೆ ಊರು ಹೇಳಿತು: ಹೆಂಡತಿಗೋಸ್ಕರ ಪ್ರಾಣದಂತಿದ್ದ ಹಾವುಗಳನ್ನೇ ಬಿಟ್ಟ, ಎಂಥಾ ದೊಡ್ಡ ಮನಸ್ಸು. ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅದೇ ಮಾತು. ಬಲಗೈಯ ಎರಡು ಬೆರಳು ಮಡಚಲು ಬಾರದೆ ಎಡಗೈಯಲ್ಲಿ ಮುದ್ದೆ ಕಟ್ಟಲು ಕಲಿತ ಅತ್ತೆಯ ಬಗ್ಗೆ ಒಬ್ಬರೂ ಮಾತಾಡಲಿಲ್ಲ.

ನನ್ನ ಮಗಳು ಹುಟ್ಟಿ ನಡೆದಾಡುವ ಹೊತ್ತಿಗೆ ಮಾವ ಚನ್ನರಾಯಪಟ್ಟಣದಿಂದ ಒಂದು ಗಿಳಿ ತಂದರು. ಪಂಜರ ಹಿಡಿದು ಹೊಸಿಲು ದಾಟುವಷ್ಟರಲ್ಲಿ ಅತ್ತೆ ಎದುರು ನಿಂತರು.

"ಇದ್ರ ಪಂಜ್ರ ಯಾರು ತೊಳೀತಾರೆ?"

"ನಾನೇಯ."

"ತೊಳೀರಿ, ನೋಡಾನ."

ಅತ್ತೆ ಮುಖ ಗಂಭೀರ ಮಾಡಿಕೊಂಡು ಜಗಲಿಯ ಮೇಲೆ ಕೂತರು. ಮಾವ ಅಂಗಿಯ ತೋಳು ಮಡಚಿ, ಬೀದಿಗೆ ಕಾಣುವ ಬಾವಿಕಟ್ಟೆಯಲ್ಲಿ ಕುಕ್ಕರಗಾಲಲ್ಲಿ ಕೂತು, ತೆಂಗಿನ ನಾರಿನಿಂದ ಪಂಜರ ಉಜ್ಜಿದರು. ಬೀದಿಯಲ್ಲಿ ಹೋಗುತ್ತಿದ್ದವರು ಯಾರೂ ನಿಂತು ನೋಡಲಿಲ್ಲ.